ಗೋಡೆ ಬಾಗಿದ ಜಾಗ

ಆ ಶನಿವಾರ ಆ ಮನೆಯ ಗೇಟಿನ ಮುಂದೆ ನಿಂತಿದ್ದವರಲ್ಲಿ ಮಿಕ್ಕವರೆಲ್ಲ ಮನೆ ನೋಡಲು ಬಂದವರು. ನಾನು ಮತ್ತು ಅಜ್ಜಿ ಮಾತ್ರ, ಅಜ್ಜಿಯನ್ನು ಹೂಳುವ ಜಾಗ ಕೇಳಲು ಹೋಗಿದ್ದೆವು. ಹಾಗೆಂದು ಹೇಳಿದ್ದರೆ ಗೇಟು ತೆರೆಯುತ್ತಿರಲಿಲ್ಲ. ಫೋನಿನಲ್ಲಿ ಹೆಸರು ಕೊಡುವಾಗ ಆ ಕಡೆಯ ಹುಡುಗಿ "ಆರ್ಕಿಟೆಕ್ಚರ್ ಓದ್ತಾ ಇದೀರಾ?" ಎಂದು ಕೇಳಿದ್ದಳು. "ಆಸಕ್ತಿ ಇದೆ" ಎಂದಿದ್ದೆ. "ಜೊತೆಗೆ ಬರೋರು?" "ನಮ್ಮಜ್ಜಿ. ಅವರಿಗೆ ನನಗಿಂತ ಜಾಸ್ತಿ ಆಸಕ್ತಿ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸ್ಕಂದಗಿರಿಯ ತಪ್ಪಲಿನ ಆ ಮನೆ ಅಷ್ಟರಲ್ಲಾಗಲೇ ಪ್ರಸಿದ್ಧವಾಗಿತ್ತು. ಇಂಗ್ಲಿಷ್ ಮ್ಯಾಗಜಿನ್‌ಗಳ ಮುಖಪುಟದಲ್ಲಿ ಬಂದಿತ್ತು. ಎಲ್ಲೋ ಹೊರದೇಶದಲ್ಲಿ ಅದಕ್ಕೆ ಬಹುಮಾನವೂ ಸಿಕ್ಕಿತ್ತು. ಬಣ್ಣ ಬಳಿಯದ ಕಾಂಕ್ರೀಟು, ಚಪ್ಪಟೆ ತಾರಸಿ, ನೆಲದಿಂದ ಮೇಲಿನವರೆಗೂ ಗಾಜು. ಬೆಟ್ಟದ ಕಡೆಗೆ ನೆಟ್ಟಗೆ ಸಾಗುವ ಉದ್ದನೆಯ ಗೋಡೆಯೊಂದು ಒಂದೇ ಒಂದು ಕಡೆ, ಎದುರಿಗೆ ಬಂದ ಹಿರಿಯರಿಗೆ ದಾರಿ ಬಿಟ್ಟ ಹಾಗೆ, ಒಳಕ್ಕೆ ಬಾಗುತ್ತದೆ. ಎಲ್ಲ ಫೋಟೋಗಳಲ್ಲೂ ಇರುವುದು ಆ ಬಾಗೇ. ಬಾಗಿದ ಕಡೆ ಒಂದು ಮಣ್ಣಿನ ಗುಡ್ಡೆ, ಅದರ ತಲೆಯ ಕಡೆ ದೀಪವಿಡುವ ಪುಟ್ಟ ಗೂಡು. ಅದು ನನ್ನ ತಾತ.

ನಮ್ಮ ಕಡೆ ಹೊಲ ಇರುವವರು ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ತಾತನನ್ನು ಪಂಪ್‌ಸೆಟ್ ಮನೆಯ ಹಿಂದೆ, ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದರು. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಎಲ್ಲರೂ ಮನೆಯ ಕಡೆ ಹೊರಟ ಮೇಲೆ ಅಜ್ಜಿ ಒಬ್ಬಳೇ ಹಿಂದೆ ಉಳಿದಳು. ಗುಡ್ಡೆಯ ಎಡಗಡೆ, ಒಬ್ಬರು ಮಲಗುವಷ್ಟು ನೆಲ ಬಿಟ್ಟು, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಳು. ಹೆಂಡತಿಯ ಜಾಗ ಎಡಕ್ಕೆ. ಯಾಕೆ ಇಟ್ಟೆ ಎಂದು ಯಾರೂ ಕೇಳಲಿಲ್ಲ. ಯಾರಿಗೂ ಗೊತ್ತಿಲ್ಲದೆಯೂ ಇರಲಿಲ್ಲ.

ಆಮೇಲೆ ಭಾಗವಾಯಿತು. ಆ ಹೊಲ ದೊಡ್ಡಪ್ಪನ ಪಾಲಿಗೆ ಬಂತು. ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದ ನಮ್ಮಪ್ಪ ಅಜ್ಜಿಯನ್ನು ನಮ್ಮ ಮನೆಗೆ ಕರೆತಂದರು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಎಂಬ ಸುದ್ದಿ ಎದ್ದಾಗ ದೊಡ್ಡಪ್ಪ ಹೊಲವನ್ನು ಬೆಂಗಳೂರಿನ ಒಂದು ಕುಟುಂಬಕ್ಕೆ ಮಾರಿ, ಗೌರಿಬಿದನೂರಿಗೆ ಹೋಗಿ ಹಾರ್ಡ್‌ವೇರ್ ಅಂಗಡಿ ಹಾಕಿದರು. ಕೊಂಡವರು ಮರ್ಯಾದಸ್ಥರು. ಸಮಾಧಿಯನ್ನು ಮುಟ್ಟುವುದಿಲ್ಲ, ನೀವು ಯಾವಾಗ ಬೇಕಾದರೂ ಬನ್ನಿ ಎಂದರು. ಬಾಯಿಮಾತು. ಮನೆ ಎದ್ದ ಮೇಲೆ ಒಂದು ಸಲ ಹಿರಿಯರ ಹಬ್ಬಕ್ಕೆ ಅಪ್ಪ, ದೊಡ್ಡಪ್ಪ ಹೋಗಿ ಎಡೆ ಇಟ್ಟು ಬಂದರು. ಅಜ್ಜಿಗೆ ಆಗ ಮಂಡಿ ನೋವು, ಹೋಗಲಿಲ್ಲ. "ಎಲ್ಲಾ ಹಂಗೇ ಐತಾ?" ಎಂದು ಕೇಳಿದಳು. "ಹಂಗೇ ಇದೆಯಮ್ಮ. ಅಪ್ಪನಿಗೋಸ್ಕರ ಗೋಡೇನೇ ಬಗ್ಸವ್ರೆ" ಎಂದರು ಅಪ್ಪ. ಅಜ್ಜಿ ಆ ಮಾತನ್ನು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅಷ್ಟರಲ್ಲಿ ಮನೆ ಪ್ರಸಿದ್ಧವಾಯಿತು, ಬಸ್ಸುಗಟ್ಟಲೆ ಜನ ಬರತೊಡಗಿದರು, ಕಾನೂನುಗಳಾದವು. ಎರಡನೆಯ ಶನಿವಾರ ಮಾತ್ರ. ಮುಂಚೆಯೇ ಹೆಸರು ಕೊಡಬೇಕು. ತಿನ್ನುವ ಪದಾರ್ಥ ತರಬಾರದು. ಎಡೆಯೂ ತಿನ್ನುವ ಪದಾರ್ಥವೇ.

ಇಷ್ಟಾದರೂ ನಾನು ಆ ಮನೆಗೆ ಹೋಗುತ್ತಿರಲಿಲ್ಲ. ಹೋಗಬೇಕಾಗಿ ಬಂದದ್ದು ಅಜ್ಜಿಯ ಹೃದಯದಿಂದ.

ಆ ವರ್ಷ ಬೇಸಿಗೆಯಲ್ಲಿ ಅವಳ ಕಾಲು ಊದಿಕೊಂಡವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಚಿಕ್ಕಬಳ್ಳಾಪುರದ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಹೃದಯದ ಕವಾಟ ಕೆಟ್ಟಿದೆ, ತಡಮಾಡದೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಅಜ್ಜಿ ಒಪ್ಪಲಿಲ್ಲ. ಸಾವಿಗೆ ಹೆದರಿದವಳಲ್ಲ. ಸತ್ತ ಮೇಲಿನದಕ್ಕೆ ಹೆದರಿದ್ದಳು.

"ಅಲ್ಲಿ ಸತ್ರೆ ಕರೆಂಟಲ್ಲಿ ಸುಡ್ತಾರಂತೆ. ಬೂದಿ ಮಾಡಿ ಡಬ್ಬೀಲಿ ಹಾಕಿ ಕೊಡ್ತಾರಂತೆ."

"ನಾವು ಕರ್ಕೊಂಡು ಬರ್ತೀವಿ ಅಜ್ಜಿ."

"ಕರ್ಕೊಂಡು ಬಂದು ಎಲ್ಲಿ ಇಡ್ತೀರಿ? ಮೊದ್ಲು ಆ ಮನೆಯೋರ ಹತ್ರ ಮಾತಾಡಿ ನನ್ನ ಜಾಗ ಗಟ್ಟಿ ಮಾಡ್ಕೊಂಡು ಬಾ. ಆವತ್ತೇ ಅಡ್ಮಿಟ್ ಆಗ್ತೀನಿ. ಸೂಜಿ ಚುಚ್ಲಿ, ಎದೆ ಕೊಯ್ಲಿ, ಒಂದು ಮಾತೂ ಆಡಲ್ಲ."

ನಾನು ಆಗ ಚಿಕ್ಕಬಳ್ಳಾಪುರದಲ್ಲಿ ಬಿ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಿಗೆಂದು ಚಿಂತಾಮಣಿ, ಗೌರಿಬಿದನೂರು ತಿರುಗಿ ಒಂದು ಬೀರು ತುಂಬ ಬಹುಮಾನದ ಕಪ್ಪು ತಂದಿದ್ದೆ. ಚೀಟಿ ಎತ್ತಿ, ಪರ ಬಂದರೆ ಪರ, ವಿರುದ್ಧ ಬಂದರೆ ವಿರುದ್ಧ. ಮೂಢನಂಬಿಕೆ ಎಂಬ ವಿಷಯ ಬಂದರೆ ಮಾತ್ರ ಚೀಟಿ ಎತ್ತದೆಯೇ ವಿರುದ್ಧ ಮಾತಾಡುತ್ತೇನೆಂದು ಹಟ ಹಿಡಿಯುತ್ತಿದ್ದೆ. ಅಜ್ಜಿಯ ಜೊತೆಯೂ ಅದೇ ಶುರು ಮಾಡಿದೆ.

"ಸತ್ತವರಿಗೆ ಪಕ್ಕದಲ್ಲಿ ಯಾರಿದಾರೆ ಅಂತ ಗೊತ್ತಾಗುತ್ತಾ ಅಜ್ಜಿ?"

"ಗೊತ್ತಾಗಲ್ವಾ?"

"ಇಲ್ಲ."

"ನೀನು ಯಾವಾಗ ಸತ್ತು ನೋಡ್ದೆ?"

"ಅಜ್ಜಿ, ಮಣ್ಣಲ್ಲಿ ಹಾಕಿದ ಮೇಲೆ ಎಲ್ಲರೂ ಮಣ್ಣೇ. ಶಿಡ್ಲಘಟ್ಟದ ಮಣ್ಣೂ ಒಂದೇ, ಬೆಟ್ಟದ ಕೆಳಗಿನ ಮಣ್ಣೂ ಒಂದೇ."

"ಎಲ್ಲಾ ಒಂದೇ ಅಂದ್ರೆ ಬೆಟ್ಟದ ಕೆಳ್ಗಡೇನೇ ಹಾಕು. ನಿಂಗೇನು ಕಷ್ಟ?"

ತೀರ್ಪುಗಾರರು ಇದ್ದಿದ್ದರೆ ಅಂಕ ಅವಳಿಗೇ ಹೋಗುತ್ತಿತ್ತು. ಆ ಮನೆಗೆ ಫೋನಿನ ಮೇಲೆ ಫೋನು ಮಾಡಿದೆ. ಯಜಮಾನರ ಜೊತೆ ಮಾತಾಡಬೇಕು ಎಂದರೆ, ಎರಡನೇ ಶನಿವಾರ ಬನ್ನಿ ಮೇಡಮ್, ಗೈಡೆಡ್ ಟೂರ್ ಇರುತ್ತೆ ಎಂಬ ಅದೇ ಉತ್ತರ. ಅಜ್ಜಿಯ ಉಸಿರು ದಿನದಿನಕ್ಕೆ ಮೋಟಾಗುತ್ತಿತ್ತು. ಕೊನೆಗೆ ಪ್ರವಾಸಿಗಳಾಗಿಯೇ ಹೋಗುವುದೆಂದು ತೀರ್ಮಾನಿಸಿದೆ. ಅಪ್ಪನನ್ನು ಕರೆದೆ. ಉತ್ತರಪತ್ರಿಕೆ ತಿದ್ದುವುದಿದೆ ಎಂದರು. ಪರೀಕ್ಷೆ ಮುಗಿದು ಫಲಿತಾಂಶವೂ ಬಂದಾಗಿತ್ತು. ಏನೋ ಅಳುಕು ಎಂದುಕೊಂಡು ಬಿಟ್ಟೆ.

ಶಿಡ್ಲಘಟ್ಟದಿಂದ ಹೊರಟ ಪ್ರೈವೇಟ್ ಬಸ್ಸಿನ ತುಂಬ ರೇಷ್ಮೆಗೂಡಿನ ಮೂಟೆಗಳ ವಾಸನೆ. ಅಜ್ಜಿ ಕಿಟಕಿಗೆ ಮುಖವಿಟ್ಟು ಗಾಳಿ ಕುಡಿಯುತ್ತ ಕೂತಿದ್ದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಚಿಕ್ಕಬಳ್ಳಾಪುರದಲ್ಲಿ ಇಳಿದು ಆಟೋ ಹತ್ತಿದೆವು. ಬೆಟ್ಟ ಹತ್ತಿ ಇಳಿದು ಬರುತ್ತಿದ್ದ ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ದಾರಿಯುದ್ದಕ್ಕೂ ಟೀ ಅಂಗಡಿಗಳ ಮುಂದೆ ಬಿದ್ದಿದ್ದರು. ನಾನು ಮನಸ್ಸಿನಲ್ಲಿ ವಾದ ಜೋಡಿಸುತ್ತಿದ್ದೆ. ಒಂದು, ಕೊಟ್ಟ ಮಾತು. ಎರಡು, ಈ ಮನೆಗೆ ಹೆಸರು ಬಂದಿರುವುದೇ ನಮ್ಮ ತಾತನಿಂದ. ಮೂರು, ಕೇಳುತ್ತಿರುವುದು ಬರೀ ನಾಲ್ಕು ಕಲ್ಲಿನ ನಡುವಿನ ನೆಲ, ಅದು ಹೇಗೂ ಖಾಲಿ ಬಿದ್ದಿದೆ. ನಾನು ನಂಬದ ವಿಷಯದ ಪರವಾಗಿ, ಚೀಟಿ ಎತ್ತದೆಯೇ.

ಗೇಟಿನಲ್ಲಿ ನಮ್ಮನ್ನು ಬರಮಾಡಿಕೊಂಡವಳು ಫೋನಿನಲ್ಲಿ ಮಾತಾಡಿದ್ದ ಹುಡುಗಿಯೇ. ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ನನ್ನದೇ ವಯಸ್ಸು, ಖಾದಿ ಕುರ್ತಾ, ಮೂಗಿಗೆ ಸಣ್ಣ ಬೊಟ್ಟು. ಚಪ್ಪಲಿ ಬಿಡಿಸಿದಳು, ಚೀಲಗಳನ್ನು ಒಂದು ಕಡೆ ಇರಿಸಿದಳು. ಅಜ್ಜಿಯ ಸೊಂಟದಲ್ಲಿದ್ದ ಎಲಡಿಕೆ ಚೀಲ ಅವಳ ಕಣ್ಣಿಗೆ ಬೀಳಲಿಲ್ಲ.

"ಈ ಮನೆ ತನ್ನನ್ನ ತಾನು ಮುಚ್ಚಿಟ್ಕೊಳ್ಳಲ್ಲ" ಎಂದು ಅವಳು ಶುರು ಮಾಡಿದಳು. "ಕಾಂಕ್ರೀಟು ಕಾಂಕ್ರೀಟಾಗೇ ಕಾಣುತ್ತೆ."

ಅಜ್ಜಿ ಗೋಡೆಯ ಮೇಲೆ ಅಂಗೈ ಸವರಿದಳು. ಹಲಗೆಯ ಗೆರೆಗಳು ಹಾಗೇ ಇದ್ದವು. "ಗಿಲಾವು ಮಾಡ್ಸೋ ಹೊತ್ಗೆ ಸಾಕಾಗೋಯ್ತೇನೋ, ಪಾಪ" ಎಂದಳು ನನಗೆ. ಮೆಲ್ಲಗೆ ಹೇಳಿದೆನೆಂದು ಅವಳ ಎಣಿಕೆ. ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬರು ನಕ್ಕರು. ಇನ್ನೊಬ್ಬರು ಕಣ್ಣು ಮುಚ್ಚಿ "ಈ ಸ್ಪೇಸಲ್ಲಿ ಒಂಥರಾ ಸೈಲೆನ್ಸ್ ಇದೆ ಅಲ್ವಾ?" ಎಂದರು. ನನಗೆ ಕೇಳುತ್ತಿದ್ದದ್ದು ಅಜ್ಜಿಯ ಎದೆಯ ಗೊರಗೊರ.

ಪಡಸಾಲೆ, ಓದುವ ಕೋಣೆ, ಗಾಜಿನ ಓಣಿ. ಒಂದೊಂದು ಕಡೆಯೂ ನಿಂತು ಬೆಳಕು ಹೇಗೆ ಬೀಳುತ್ತದೆ ಎಂಬ ವಿವರಣೆ. ಅಜ್ಜಿಗೆ ನಿಲ್ಲಲಾಗುತ್ತಿರಲಿಲ್ಲ. ನನ್ನ ತೋಳನ್ನು ಹಿಡಿದ ಅವಳ ಬೆರಳುಗಳು ತಣ್ಣಗಿದ್ದವು. ಕೂರಿಸಲು ಹುಡುಕಿದರೆ, ಇದ್ದ ಎರಡು ಕುರ್ಚಿಗಳ ಸುತ್ತ ಹಗ್ಗ ಕಟ್ಟಿ ಕೂರಬಾರದೆಂದು ಬೋರ್ಡು ಹಾಕಿದ್ದರು. "ಇನ್ನೆಷ್ಟು ದೂರದಲ್ಲವ್ರಮ್ಮ ನಿಮ್ಮ ತಾತ?" ಎಂದಳು. ತನ್ನದೇ ಹೊಲದಲ್ಲಿ ಅವಳಿಗೆ ದಿಕ್ಕು ತಪ್ಪಿತ್ತು.

ಕೊನೆಗೆ ಗಾಜಿನ ಬಾಗಿಲು ಸರಿಸಿ ಹುಡುಗಿ ನಮ್ಮನ್ನು ಹೊರಗಿನ ಅಂಗಳಕ್ಕೆ ಕರೆದೊಯ್ದಳು. ಗುಡ್ಡೆ ಅಲ್ಲಿತ್ತು. ಮೇಲೆ ಹುಲ್ಲು ಕತ್ತರಿಸಿ ಚೊಕ್ಕ ಮಾಡಿದ್ದರು. ಅದರ ಬಲಕ್ಕೆ ಕಲ್ಲು ಹಾಸಿದ ಅಂಗಳ. ಎಡಕ್ಕೆ, ಕೈಗೆ ಎಟಕುವಷ್ಟು ಹತ್ತಿರದಲ್ಲಿ, ಆ ಗೋಡೆ.

"ಎಲ್ಲರೂ ಕೇಳೋ ಪ್ರಶ್ನೆ, ಈ ಗೋಡೆ ಇಲ್ಲಿ ಯಾಕೆ ಬಾಗಿದೆ ಅಂತ" ಎಂದಳು ಹುಡುಗಿ. "ಜಮೀನು ಕೊಂಡಾಗ ಇಲ್ಲಿ ಒಬ್ಬ ರೈತರ ಸಮಾಧಿ ಇತ್ತು. ಗೋಡೆ ನೇರವಾಗಿ ಬಂದಿದ್ರೆ ಅದರ ಮೇಲೇ ಹೋಗ್ತಿತ್ತು. ನಮ್ಮ ಆರ್ಕಿಟೆಕ್ಟು ಆ ಮನೆಯವರನ್ನ ಇಲ್ಲಿಗೇ ಕರೆಸಿ, ಎಷ್ಟು ಜಾಗ ಬಿಡಬೇಕು ಅಂತ ಕೇಳಿ, ಅವರು ತೋರಿಸಿದಷ್ಟನ್ನ ಬಿಟ್ಟು ಗೋಡೇನ ಬಗ್ಗಿಸಿದ್ರು. ಒಂದು ಇಂಚು ಹೆಚ್ಚಿಲ್ಲ, ಒಂದು ಇಂಚು ಕಡಿಮೆ ಇಲ್ಲ. ಸತ್ತವರಿಗೆ ಬದುಕಿರೋರು ಬಿಟ್ಟುಕೊಟ್ಟ ಜಾಗ ಇದು."

ಕ್ಯಾಮೆರಾಗಳು ಕ್ಲಿಕ್ಕೆಂದವು. ನಾನು ನಾಲ್ಕು ಕಲ್ಲು ಹುಡುಕುತ್ತಿದ್ದೆ. ಎಡಗಡೆ ಕಲ್ಲೂ ಇಲ್ಲ, ನೆಲವೂ ಇಲ್ಲ. ಗುಡ್ಡೆಗೂ ಗೋಡೆಗೂ ನಡುವೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣಿನ ಸಂದು. ಅಪ್ಪ ಯಾಕೆ ಬರಲಿಲ್ಲ ಎಂದು ಆಗ ತಿಳಿಯಿತು.

ಅಜ್ಜಿ ಗೋಡೆಯ ಪಕ್ಕದ ಗಾಜಿನಿಂದ ಒಳಗೆ ಇಣುಕಿದಳು. ಒಳಗಡೆ ಅಡುಗೆಮನೆ. ಬಹಳ ಹೊತ್ತು ನೋಡಿದಳು.

"ನನ್ನ ಜಾಗದ ಮೇಲೆ ಫ್ರಿಜ್ಜು ಇಟ್ಟವ್ರೆ ಕಣೇ" ಎಂದಳು.

ನಾನೂ ಗಾಜಿಗೆ ಮುಖವಿಟ್ಟು ನೋಡಿದೆ.

"ಹೋಗ್ಲಿ ಬಿಡು, ತಣ್ಣಗಾದ್ರೂ ಇರುತ್ತೆ."

"ಅಜ್ಜಿ, ಆರ್ಕಿಟೆಕ್ಟು ಬಂದು ಕೇಳ್ದಾಗ ಯಾರಿದ್ರು ಇಲ್ಲಿ?"

"ಎಲ್ಲಾರೂ ಇದ್ವಿ. ನಿಮ್ಮ ದೊಡ್ಡಪ್ಪ, ನಿಮ್ಮಪ್ಪ, ನಾನು."

"ನೀನೂ ಇದ್ಯಾ? ಮತ್ತೆ ಹೇಳ್ಬೇಕಿತ್ತು ತಾನೆ, ಈ ಕಲ್ಲಿನ ತನಕ ಬಿಡಿ ಅಂತ!"

ಅಜ್ಜಿ ನನ್ನನ್ನು ದಡ್ಡಿಯೊಬ್ಬಳನ್ನು ನೋಡುವ ಹಾಗೆ ನೋಡಿದಳು. "ಗಂಡುಮಕ್ಕಳು ನಿಂತ್ಕೊಂಡು, ಜೀವಂತ ಇರೋ ತಾಯಿ ಮುಂದೆ, ಇದು ನಮ್ಮಮ್ಮನ ಗುಂಡಿ ಅಂತ ಬಾಯಿಬಿಟ್ಟು ಹೇಳ್ತಾರೇನೇ? ಹೇಳೋ ಮಾತಾ ಅದು? ನಾನೇ ಹೇಳಣ ಅಂದ್ರೆ, ಹೆತ್ತ ಮಕ್ಕಳ ಎದುರಿಗೆ ನನ್ನ ಇಲ್ಲಿ ಹೂಣ್ರಪ್ಪ ಅಂತ ಹೆಂಗೇ ಹೇಳ್ಲಿ? ಅವ್ರಾಗೇ ಹೇಳ್ತಾರೆ ಅಂತ ನಾನು ಸುಮ್ಕಿದ್ದೆ. ಅಮ್ಮಾನೇ ಹೇಳ್ತಾಳೆ ಅಂತ ಅವ್ರು ಸುಮ್ಕಿದ್ರು."

ನಮ್ಮ ಮನೆಯಲ್ಲಿ ಯಾರಾದರೂ ಕಾಯಿಲೆಯಾಗಿ ಮಲಗಿದ್ದರೆ ಗುದ್ದಲಿ, ಹಾರೆಗಳನ್ನು ಅವರ ಕಣ್ಣಿಗೆ ಬೀಳದ ಹಾಗೆ ಎತ್ತಿಡುತ್ತಾರೆ. ಬದುಕಿರುವವರ ಸಾವನ್ನು ಬಾಯಲ್ಲಿ ಆಡಿದರೆ ಅದು ಬಾಗಿಲಿಗೆ ಬರುತ್ತದೆ ಎಂಬ ಭಯ. ಎಷ್ಟೋ ವೇದಿಕೆಗಳಲ್ಲಿ ನಾನು ಗೇಲಿ ಮಾಡಿ ಚಪ್ಪಾಳೆ ಗಿಟ್ಟಿಸಿದ್ದು ಇಂಥವನ್ನೇ. ಈಗ ಅದು ಕಾಂಕ್ರೀಟಾಗಿ ನನ್ನ ಎದುರು ನಿಂತಿತ್ತು. ಕೇಳುವವರು ಮರ್ಯಾದೆಯಿಂದ ಕೇಳಿದ್ದರು. ಹೇಳಬೇಕಾದವರು ಮರ್ಯಾದೆಯಿಂದ ಸುಮ್ಮನಿದ್ದರು.

ಅಜ್ಜಿ ಎಲಡಿಕೆ ಚೀಲ ಬಿಚ್ಚಿ ಒಂದು ಬೀಡಿ ತೆಗೆದು ದೀಪದ ಗೂಡಿನಲ್ಲಿಟ್ಟಳು. ಬೆಂಕಿಕಡ್ಡಿ ಗೀರಿದಳು.

"ಅಜ್ಜಿ, ಇಲ್ಲಿ ಬೀಡಿ ಸೇದೋ ಹಾಗಿಲ್ಲ" ಎಂದು ಗೈಡ್ ಹುಡುಗಿ ಓಡಿ ಬಂದಳು.

"ನಾನಲ್ಲಮ್ಮ. ಅವ್ರು."

ಹುಡುಗಿ ಗುಡ್ಡೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಅವಳ ಮುಖದಲ್ಲಿ ಒಂದೊಂದಾಗಿ ಎಲ್ಲವೂ ಕೂಡಿಕೊಳ್ಳುವುದು ನನಗೆ ಕಾಣಿಸಿತು. ಅವಳು ಏನಾದರೂ ಹೇಳುವಷ್ಟರಲ್ಲಿ ಅಜ್ಜಿ ಸೀರೆಯನ್ನು ಒಟ್ಟುಗೂಡಿಸಿಕೊಂಡು, ಗೋಡೆ ಹಿಡಿದು ಮೆಲ್ಲನೆ ಕುಕ್ಕರಿಸಿ, ಆ ಸಂದಿನಲ್ಲಿ ಇಳಿದು ಮಲಗಿಬಿಟ್ಟಳು. ಅಂಗಾತ ಮಲಗಲು ಅಲ್ಲಿ ಜಾಗವಿರಲಿಲ್ಲ. ಮಗ್ಗುಲಾದಳು. ಬೆನ್ನು ಕಾಂಕ್ರೀಟಿಗೆ, ಮುಖ ಗುಡ್ಡೆಯ ಕಡೆಗೆ, ಒಂದು ಕೈ ಗುಡ್ಡೆಯ ಮೇಲೆ.

"ಮಗ್ಗುಲಾಗಿ ಮಲಗಿದ್ರೆ ಸಾಲುತ್ತೆ ಕಣೇ" ಎಂದಳು ಕೆಳಗಿನಿಂದ. "ಪಂಪ್‌ಸೆಟ್ ಮನೇಲಿ ಒಂದೇ ಮಂಚ ಇತ್ತು. ರಾತ್ರಿ ಕರೆಂಟ್ ಬಂದಾಗ ನೀರು ಕಟ್ಟಕ್ಕೆ ಇಬ್ರೂ ಬರ್ತಿದ್ವಿ. ಹಿಂಗೇ ಮಲಗ್ತಿದ್ದಿದ್ದು. ಹೋಗಿ ಕೇಳು, ಮಗ್ಗುಲಾಗಿ ಮಲಗ್ತಾಳಂತೆ, ಗೋಡೆ ಮುಟ್ಟಲ್ವಂತೆ ಅಂತ ಹೇಳು."

ಎಷ್ಟೋ ವಾರಗಳಿಂದ ಮಲಗಲಾಗದೆ ಕೂತೇ ರಾತ್ರಿ ಕಳೆಯುತ್ತಿದ್ದವಳು. ಅವಳ ಉಸಿರು ಆಗಲೇ ಸಿಳ್ಳೆ ಹಾಕುತ್ತಿತ್ತು. "ಎದ್ದೇಳಜ್ಜಿ, ಎದ್ದೇಳು!" ಎಂದು ಕೈ ಎಳೆದರೆ ಬಿಡಿಸಿಕೊಂಡಳು. "ಮೊದ್ಲು ಕೇಳ್ಕೊಂಡು ಬಾ." ಯಾರದೋ ಕ್ಯಾಮೆರಾ ಕ್ಲಿಕ್ಕೆಂದಿತು. ನಾನು ತಿರುಗಿ ನೋಡಿದ ರೀತಿಗೆ ಆ ಮನುಷ್ಯ ಕ್ಯಾಮೆರಾ ಇಳಿಸಿದರು.

"ಈ ಮನೆ ಆಂಟಿ ಒಳಗೇ ಇದಾರೆ" ಎಂದಳು ಗೈಡ್ ಹುಡುಗಿ ಮೆಲುದನಿಯಲ್ಲಿ. "ನೀವು ಹೋಗಿ. ನಾನು ಇವರ ಹತ್ರ ಕೂತಿರ್ತೀನಿ." ಅವಳು ನೆಲದ ಮೇಲೆ ಕೂತು ಅಜ್ಜಿಯ ತಲೆಯ ಕೆಳಗೆ ತನ್ನ ದುಪಟ್ಟಾ ಮಡಚಿ ಇಟ್ಟಳು.

ಅಡುಗೆಮನೆಯಲ್ಲಿ ಆ ಮನೆಯ ಯಜಮಾನಿ ಒಬ್ಬರೇ ಇದ್ದರು. ಅಪ್ಪನ ವಯಸ್ಸು, ನರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದರು. ಗಾಜಿನಿಂದ ಎಲ್ಲವನ್ನೂ ನೋಡಿದ್ದರು. ನನಗೆ ಕೂರಲು ಹೇಳಿದರು. ನಾನು ನಿಂತೇ ನನ್ನ ಮೂರು ವಾದಗಳನ್ನೂ ಹೇಳಿದೆ. ಧ್ವನಿ ನಡುಗದ ಹಾಗೆ, ಅಂತ್ಯದಲ್ಲಿ ಏರಿಸದ ಹಾಗೆ, ಕಲಿತದ್ದೆಲ್ಲವನ್ನೂ ಬಳಸಿ ಹೇಳಿದೆ. ನನ್ನ ಬೆನ್ನ ಹಿಂದೆ ಫ್ರಿಜ್ಜು ಗುಂಯ್ಗುಡುತ್ತಿತ್ತು.

ಅವರು ಪೂರ್ತಿ ಕೇಳಿಸಿಕೊಂಡರು. ನಡುವೆ ಬಾಯಿ ಹಾಕಲಿಲ್ಲ. ಹಾಕಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆ ನಾಲ್ಕು ಕಲ್ಲು ಏನಕ್ಕೆ ಅಂತ ನಾವೇ ಕೇಳಿದ್ವಮ್ಮ" ಎಂದರು. "ನಿಮ್ಮ ದೊಡ್ಡಪ್ಪ, ಏನಿಲ್ಲ ಮೇಡಮ್, ದನ ಬರ್ದೇ ಇರ್ಲಿ ಅಂತ ಇಟ್ಟಿರೋದು, ತೆಗೀರಿ ಅಂದ್ರು. ನಿಮ್ಮಜ್ಜಿ ಅಲ್ಲೇ ನಿಂತಿದ್ರು. ನಂಗೆ ಅವರ ಮುಖ ಚೆನ್ನಾಗಿ ನೆನಪಿದೆ. ಒಂದೇ ಒಂದು ಮಾತು ಹೇಳಿದ್ರೂ ಗೋಡೇನ ಇನ್ನೊಂದು ಮಾರು ಆ ಕಡೆ ಬಗ್ಗಿಸ್ತಿದ್ವಿ. ನಮಗೆ ಅದೇನೂ ಕಷ್ಟ ಇರ್ಲಿಲ್ಲ."

"ಈಗ?"

"ಈಗ ಪೂರ್ತಿ ತಾರಸಿ ಆ ಗೋಡೆ ಮೇಲೆ ನಿಂತಿದೆ."

"ಬಲಗಡೆ ಆದರೂ ಕೊಡಿ. ಎಡ, ಬಲ ಅಂತ ನಾನು ಅವರನ್ನ ಒಪ್ಪಿಸ್ತೀನಿ."

"ಬಲಗಡೆ ಹಾಸುಗಲ್ಲಿನ ಕೆಳಗೆ ಮಳೆನೀರಿನ ತೊಟ್ಟಿ ಇದೆ. ನಾವು ಕುಡಿಯೋದು ಆ ನೀರೇ."

"ಮತ್ತೆ ಆ ಸಂದು? ಮಗ್ಗುಲಾಗಿ ಮಲಗಿದ್ರೆ ಸಾಲುತ್ತೆ."

ಬಾಯಿಂದ ಬಂದ ಮೇಲೆ ಅದು ಎಂಥ ಮಾತೆಂದು ನನಗೇ ಕೇಳಿಸಿತು. ಅವರು ಕಣ್ಣು ಒರೆಸಿಕೊಂಡರು. "ಗೋಡೆ ಪಾಯದ ಪಕ್ಕ ಆರಡಿ ಅಗೆಯಕ್ಕಾಗುತ್ತಾ? ಅದು ಬಿಡಿ. ನಮ್ಮನೇಲಿ ಒಂದು ಮಗು ಇದೆ, ಈ ಗಾಜಿನ ಹತ್ರ ಕೂತು ಊಟ ಮಾಡುತ್ತೆ. ನೀವು ಈ ಮನೇಲಿ ಇದ್ದಿದ್ರೆ ಏನ್ ಹೇಳ್ತಿದ್ರಿ? ನಿಜ ಹೇಳಿ."

ಎದುರಾಳಿಯ ಪಕ್ಷವನ್ನು ಅವರಿಗಿಂತ ಚೆನ್ನಾಗಿ ಮಂಡಿಸಲು ಬರಬೇಕು ಎಂದು ನಮಗೆ ಕಲಿಸಿದ್ದರು. ನನಗೆ ಅದು ಬರುತ್ತಿತ್ತು. ನಾನು ಆ ಮನೆಯಲ್ಲಿದ್ದಿದ್ದರೆ ಏನು ಹೇಳುತ್ತಿದ್ದೆ ಎಂಬುದು ನನಗೆ ಒಂದೊಂದು ಅಕ್ಷರವೂ ಗೊತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತೆ. "ದಯವಿಟ್ಟು" ಎಂದೆ. ಅದು ವಾದವಲ್ಲ. ಇನ್ನೊಮ್ಮೆ "ದಯವಿಟ್ಟು" ಎಂದೆ. "ನೀವು ಹೂಂ ಅಂದ್ರೆ ಅವರು ಆಸ್ಪತ್ರೆಗೆ ಸೇರ್ತಾರೆ. ಸೇರಿದ್ರೆ ಬದುಕ್ತಾರೆ. ಬದುಕಿದ್ರೆ ಈ ಜಾಗವೇ ಬೇಕಾಗಲ್ಲ. ನಿಮಗೆ ಅರ್ಥ ಆಗ್ತಿದೆಯಾ?"

"ಹಾಗಾದ್ರೆ ಹೂಂ ಅಂದಿದಾರೆ ಅಂತ ಹೇಳಿಬಿಡಿ ಅವರಿಗೆ" ಎಂದರು ಆಕೆ. "ನಾನು ಇಲ್ಲ ಅನ್ನ‍ಲ್ಲ. ಆಮೇಲಿಂದು ಆಮೇಲೆ." ಗಾಜಿನಾಚೆ ಗುಡ್ಡೆಯನ್ನು ನೋಡುತ್ತ, "ಇಲ್ಲಾ, ನಿಮ್ಮ ತಾತನ್ನ ನೀವು ಬೇರೆ ಕಡೆಗೆ ಕರ್ಕೊಂಡು ಹೋಗೋ ಹಾಗಿದ್ರೆ, ಏನು ಶಾಸ್ತ್ರ ಇದೆಯೋ ಮಾಡಿಸಿ. ನಾವು ತಡೆಯಲ್ಲ" ಎಂದರು.

ಹೊರಗೆ ಬಂದೆ. ಗುಂಪು ಮುಂದೆ ಹೋಗಿತ್ತು. ಗೈಡ್ ಹುಡುಗಿ ಅಜ್ಜಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದ್ದಳು. ಬೆನ್ನು ಆ ಬಾಗಿಗೆ ಸರಿಯಾಗಿ ಹೊಂದಿಕೊಂಡಿತ್ತು. ಗೂಡಿನಲ್ಲಿ ಬೀಡಿ ಅರ್ಧ ಉರಿದು ಆರಿತ್ತು. ನಾನು ಮುಖದ ಮೇಲೆ ನಗು ತಂದುಕೊಂಡು "ಅಜ್ಜೀ" ಎಂದೆ.

"ಸುಳ್ಳು ಹೇಳ್ಬೇಡ" ಎಂದಳು. "ನೀನು ಗೆದ್ದಿದ್ರೆ ಇಷ್ಟೊತ್ಗೆ ಅಲ್ಲಿಂದ್ಲೇ ಕಿರುಚ್ತಿದ್ದೆ. ಒಂದು ಕಪ್ಪು ಬಂದ್ರೆ ಬಸ್‌ಸ್ಟ್ಯಾಂಡಿಂದ ಕಿರುಚ್ಕೊಂಡು ಬರೋಳು ನೀನು."

"ತಾತನ್ನ ಕರ್ಕೊಂಡು ಹೋಗಬಹುದಂತೆ. ಶಿಡ್ಲಘಟ್ಟದಲ್ಲಿ ಇಬ್ಬರಿಗೂ ಒಂದೇ ಕಡೆ..."

"ಬೇಡ. ಅವ್ರನ್ನ ಎಬ್ಬಿಸ್ಬೇಡ. ನಿದ್ದೆ ಕೆಟ್ರೆ ಬಯ್ತಾರೆ." ಗುಡ್ಡೆಯ ಮೇಲೆ ಬಿದ್ದಿದ್ದ ಒಣ ಎಲೆಯೊಂದನ್ನು ತೆಗೆದು ಹಾಕಿದಳು. "ಅವ್ರಿಗಿಲ್ಲಿ ಚೆನ್ನಾಗೈತೆ. ಯಾರ್ಯಾರೋ ಬಂದು ನೋಡ್ಕೊಂಡು ಹೋಗ್ತಾರೆ. ಸರಿ, ನಡಿಯಮ್ಮ, ಹೋಗಣ."

ಆಟೋದಲ್ಲಿ ಕೂರಿಸುವಾಗ ಗೈಡ್ ಹುಡುಗಿ ಕೈ ಕೊಟ್ಟಳು. ಇನ್ನು ಮುಂದೆ ಆ ಬಾಗಿದ ಗೋಡೆಯ ಬಗ್ಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ ಎಂದಳು ನನಗೆ.

ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಕಡೆ ನೋಡಲಿಲ್ಲ. ನಾನು ಶಿಡ್ಲಘಟ್ಟದವರೆಗೂ ಬಿಡದೆ ಮಾತಾಡಿದೆ. ಆಸ್ಪತ್ರೆ, ಆಪರೇಷನ್, ಹಾಗೆ ಗುಣವಾಗಿ ಬಂದವರು, ಇನ್ನು ಎಷ್ಟೋ ವರ್ಷ ಬದುಕಬಹುದು, ಅಷ್ಟರಲ್ಲಿ ಏನಾದರೂ ದಾರಿ ಸಿಗಬಹುದು. ಕಾರಣದ ಮೇಲೆ ಕಾರಣ. ಅವಳು ಒಂದನ್ನೂ ಖಂಡಿಸಲಿಲ್ಲ. ಇಳಿಯುವ ಹೊತ್ತಿಗೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಟೌನಿನ ಸ್ಮಶಾನದಲ್ಲಿ ನನ್ನ ಪಕ್ಕ ಯಾರನ್ನ ಮಲಗಿಸ್ತಾರೋ, ಅಲ್ವಾ?"

ಆ ರಾತ್ರಿ ಅಪ್ಪ ಅವಳ ಕಾಲು ಹಿಡಿದು ಅತ್ತರು. "ಹೇಳಕ್ಕಾಗ್ಲಿಲ್ಲಮ್ಮ" ಎಂದರು. "ನಂಗೂ ಆಗ್ಲಿಲ್ಲ ಬಿಡಪ್ಪ" ಎಂದು ಅವಳೇ ಸಮಾಧಾನ ಮಾಡಿದಳು. ಆಸ್ಪತ್ರೆಗೆ ಮಾತ್ರ ಒಪ್ಪಲಿಲ್ಲ. ಎತ್ತಿಕೊಂಡು ಹೋಗೋಣವೆಂದು ಒಂದು ದಿನ ಕಾರು ಕರೆಸಿದೆವು. ಬಾಗಿಲು ಹಿಡಿದುಕೊಂಡ ಅವಳ ಬೆರಳುಗಳನ್ನು ಬಿಡಿಸಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ದಿಂಬಿಗೆ ಒರಗಿ ಕೂತ ಹಾಗೇ ಹೋಗಿದ್ದಳು.

ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಹೋದೆ. ಗುಂಡಿಯ ಬಳಿ ಇಳಿಸಿದಾಗ "ಮಗ್ಗುಲಾಗಿ ಮಲಗ್ಸಿ" ಎಂದೆ.

"ಏನಂದೆ?" ಎಂದರು ಕುಲದ ಹಿರಿಯರೊಬ್ಬರು.

"ಅಂಗಾತ ಬೇಡ. ಮಗ್ಗುಲಾಗಿ. ಮುಖ ಪಡುವಲಿಗೆ, ಬೆಟ್ಟದ ಕಡೆ."

"ಅದು ಮುಸ್ಲಿಮ್ರ ಪದ್ಧತಿ ಕಣಮ್ಮ. ನಮ್ಮಲ್ಲಿಲ್ಲ."

"ಎಲ್ಲಿ ಹೇಳಿದೆ ಇಲ್ಲ ಅಂತ?"

"ಸತ್ತೋರಿಗೆ ಮಗ್ಗುಲೇನು, ಅಂಗಾತ ಏನು? ನೀನೇ ತಾನೆ ಇದೆಲ್ಲಾ ಸುಳ್ಳು ಅಂತ ಭಾಷಣ ಮಾಡೋಳು?"

"ಸತ್ತೋರಿಗೆ ಎಲ್ಲಾ ಒಂದೇ ಅಂದ್ರೆ ಮಗ್ಗುಲಾಗೇ ಮಲಗ್ಸಿ. ನಿಮಗೇನು ಕಷ್ಟ?"

ಅಜ್ಜಿಯ ವಾದ ಅದು. ದೊಡ್ಡಪ್ಪ ಎಲ್ಲರಿಗಿಂತ ಹಿಂದೆ ನಿಂತಿದ್ದರು. "ಅವಳು ಹೇಳ್ದಂಗೆ ಮಾಡಿ" ಎಂದರು. ಅಪ್ಪನೂ ದೊಡ್ಡಪ್ಪನೂ ಗುಂಡಿಗೆ ಇಳಿದು, ಅಮ್ಮನನ್ನು ಮೆಲ್ಲನೆ ಮಗ್ಗುಲಿಗೆ ತಿರುಗಿಸಿದರು. ಬೆನ್ನು ಮಣ್ಣಿನ ಗೋಡೆಗೆ ತಾಗಿತು. ಒಂದು ಕೈಯನ್ನು ಮುಂದಕ್ಕೆ ಚಾಚಿ ಇಟ್ಟರು.

ಅಂಗಾತ ಮಲಗಿಸಲೆಂದು ಗುಂಡಿಯನ್ನು ಅಗಲವಾಗಿಯೇ ತೋಡಿದ್ದರು. ಅವಳು ಮಗ್ಗುಲಾದ ಮೇಲೆ ಅವಳ ಮುಂದೆ ಇನ್ನೊಬ್ಬರು ಒತ್ತಿಕೊಂಡು ಮಲಗುವಷ್ಟು ಜಾಗ ಖಾಲಿ ಉಳಿಯಿತು. ಅಲ್ಲಿಗೂ ಮಣ್ಣು ತುಂಬಿದರು.